ಎರಡು ನಾಲಿಗೆಯವಳು

ನನಗೆ ಎರಡು ನಾಲಿಗೆ.
ಬೈಗುಳವಲ್ಲ, ಕಸುಬು.
ಇಪ್ಪತ್ತಾರು ವರ್ಷದಿಂದ ಸರಕಾರ
ಇದಕ್ಕೇ ಸಂಬಳ ಕೊಡುತ್ತಿದೆ.
ಪಾಸ್ವಿಕ್ ಹೊಳೆಯ ಈ ದಡಕ್ಕೆ ಹಳದಿ ಕಂಬ,
ಆ ದಡಕ್ಕೆ ಕೆಂಪು ಹಸಿರು ಪಟ್ಟೆಯದು,
ನಡುವೆ ಮಂಜುಗಡ್ಡೆ.
ಗೆರೆ ಕಾಣುವುದಿಲ್ಲ,
ದಾಟಿದವನ ಬೆನ್ನಿಗೆ ಮಾತ್ರ ಗೊತ್ತಾಗುತ್ತದೆ.

ಹೋದ ತಿಂಗಳು ದಾಟಿದ್ದು ಹದಿನೇಳು ಹಿಮಸಾರಂಗ.
ಒಂದೊಂದರ ಕಿವಿಗೆ ಕೊಯ್ದ ಗುರುತು ಹೇಳುತ್ತ ಹೇಳುತ್ತ
ಮುದುಕ ನೀಲಾಸ್ ನನ್ನ ಕಚೇರಿಯಲ್ಲೇ ಅತ್ತ.
ಸರಿ, ಸಭೆ ಕರೆದರು.

ಅದೇ ವಾರ ಬಂದರಿನಲ್ಲಿ ಇರುಳು
ಹಡಗಿನಿಂದ ಏನೋ ಇಳಿಯಿತು,
ಟಾರ್ಪಾಲಿನಡಿ ಉದ್ದನೆಯ ಕತ್ತು.
ಊರಿಗೆ ಊರೇ ಪರದೆ ಸರಿಸಿ ನೋಡಿ
ಬೆಳಗ್ಗೆ ಬೇಕರಿಯಲ್ಲಿ ಹವೆಯ ಮಾತಾಡಿತು.
ನನ್ನ ಗಂಡ ಓಡ್ವಾರ್ ಹಡಗುಕಟ್ಟೆಯಲ್ಲಿ ಬೆಸುಗೆಯವನು.
ಮೊದಲು ಆಚೆಯವರ ಮೀನುದೋಣಿಗೆ ತೇಪೆ ಹಾಕುತ್ತಿದ್ದ,
ಈಗ ನೌಕಾಪಡೆಗೆ.
'ಕಬ್ಬಿಣಕ್ಕೇನು ಗೊತ್ತಾಗುತ್ತೆ' ಅನ್ನುತ್ತಾನೆ,
ಊಟಕ್ಕೆ ಕೂತರೆ ಮೊದಲಿನಷ್ಟು ಮಾತಿಲ್ಲ.
ಮಗಳು ಯೋರುನ್‌ಗೆ ಹತ್ತೊಂಬತ್ತು.
ಸೇನೆಯ ಕರೆ ಬಂದು ಕಾವಲುಗೋಪುರದಲ್ಲಿದ್ದಾಳೆ,
ಕತ್ತಲನ್ನು ಹಸಿರಾಗಿ ತೋರಿಸುವ ಕನ್ನಡಕ ತೊಟ್ಟು.

ಸಭೆ ಬುಧವಾರ, ಅವರ ಬದಿಯ ಹಲಗೆಮನೆಯಲ್ಲಿ.
ನಾನು ಒಯ್ದ ಏಲಕ್ಕಿ ಬನ್ನು, ಅವರ ಚಹಾ.
ಕರ್ನಲ್ ಅರ್ಸೆನಿ ಲುಕಿಚ್‌ಗೆ ಸಕ್ಕರೆ ಕಾಯಿಲೆ,
ಆದರೂ ಎರಡು ತಿಂದರು.
ಎದುರಿಗೆ ಅವರ ದುಭಾಷಿ ಜಿನೈದಾ.
ಅವಳ ಮಂಡಿನೋವು ನನಗೆ ಗೊತ್ತು, ನನ್ನದು ಅವಳಿಗೆ,
ಹೇಗಿದೆಯೆಂದು ಕೇಳುವ ಅಧಿಕಾರ
ಇಬ್ಬರಿಗೂ ಇಲ್ಲ.

ಹನ್ನೊಂದನೆಯ ಸಾರಂಗದ ಬೆಲೆಗೆ ಬಂದಾಗ
ನಮ್ಮ ಗುಡ್ಡದಾಚೆ ಧಡ್ ಎಂದಿತು.
ಲೋಟದಲ್ಲಿ ಚಹಾ ನಡುಗಿತು.
'ಅದೇನು?' ಎಂದರು ಕರ್ನಲ್.
ನಮ್ಮ ಮೇಜರ್ ಕಾಗದದಿಂದ ಕಣ್ಣೆತ್ತದೆ:
'ಗುಡುಗು.'
ಫೆಬ್ರುವರಿ. ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ನಾನು ಗುಡುಗನ್ನು ಗುಡುಗೆಂದೇ ದಾಟಿಸಿದೆ,
ಅಕ್ಷರ ತಪ್ಪಲಿಲ್ಲ, ಕಿವಿ ಬಿಸಿಯಾಯಿತು.
ಜಿನೈದಾ ತುಟಿಯ ಬನ್ನಿನ ಪುಡಿ ಒರೆಸಿಕೊಂಡಳು.
ಕರ್ನಲ್ ತುಸು ಹೊತ್ತು ಕಿಟಕಿ ನೋಡಿ ಹೇಳಿದರು:
'ನಾಳೆ ನಮ್ಮ ಕಡೆಯೂ ಗುಡುಗಬಹುದು,
ಹತ್ತರಿಂದ ಹನ್ನೆರಡರ ತನಕ.
ನಿಮ್ಮ ಸಾರಂಗ ಕಾಯುವವರು ಬೆದರದಿರಲಿ.'
ಮೇಜರ್ ಗಂಟೆ ಬರೆದುಕೊಂಡರು.
ಹೀಗೆ ಇಬ್ಬರೂ ಸುಳ್ಳಾಡಿ
ಒಂದು ನಿಜವನ್ನು ಹೊಳೆ ದಾಟಿಸಿದರು.

ಹದಿನಾಲ್ಕು ಸಾರಂಗ ಮರಳಿದವು.
ಉಳಿದ ಮೂರರ ವಿಷಯ ಯಾರೂ ಎತ್ತಲಿಲ್ಲ.
ಚಹಾದ ಜೊತೆ ಕೊಟ್ಟ ಒಣಮಾಂಸ ರುಚಿಯಾಗಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಈ ಚಳಿಗೆ ಇಲ್ಲಿ ಹಾವೇ ಇಲ್ಲ.
ಕೋಲು ಮಾತ್ರ ವರ್ಷವರ್ಷಕ್ಕೆ ಉದ್ದವಾಗುತ್ತಿದೆ.

ರಾತ್ರಿ ಯೋರುನ್ ಫೋನು:
'ದುರ್ಬೀನಿನಲ್ಲಿ ನೋಡಿದೆ ಅಮ್ಮ,
ಹೊಸ್ತಿಲಲ್ಲಿ ಅವರ ಜೊತೆ ನಗುತ್ತಿದ್ದೆ.'
'ಹೌದು.'
'ನಮಗಿಲ್ಲಿ ಅವರದೇ ಆಕಾರದ ಹಲಗೆ ನಿಲ್ಲಿಸಿ
ಗುರಿ ಕಲಿಸುತ್ತಾರೆ.'
ನಿನ್ನ ಕೋವಿಯಿದೆಯೆಂದೇ
ನನ್ನ ಬನ್ನಿಗೆ ಬೆಲೆ, ಅನ್ನಲೇ?
ಬನ್ನು ಆಚೆ ಹೋಗುತ್ತಿರುವಷ್ಟು ದಿನ
ನಿನ್ನ ಕೋವಿ ತಣ್ಣಗೆ, ಅನ್ನಲೇ?
ಎರಡು ನಾಲಿಗೆಯಿದ್ದೂ ಮಾತು ಹೊರಡಲಿಲ್ಲ.
'ಕೈಗವಸು ಎರಡು ಜೊತೆ ಹಾಕಿಕೋ' ಅಂದೆ.

ಶುಕ್ರವಾರ ಎಂಟಕ್ಕೆ ನೇರ ದೂರವಾಣಿಯ ಪರೀಕ್ಷೆ.
ವಾರಕ್ಕೊಮ್ಮೆ, ಎರಡೇ ಮಾತು:
ಕೇಳಿಸುತ್ತಿದೆಯೆ? ಕೇಳಿಸುತ್ತಿದೆ.
ಯುದ್ಧದ ಬಜೆಟ್ಟಿಗೆ ಹೋಲಿಸಿದರೆ
ಈ ತಂತಿಗೆ ತಗಲುವುದು ಏನೂ ಅಲ್ಲ,
ಆದರೂ ಪ್ರತಿ ಮಾರ್ಚಿಗೆ ಯಾರೋ ಕೇಳುತ್ತಾರೆ,
ಇದು ಬೇಕೇ?

ಈ ಸಲ ಒಂಬತ್ತು ಬಾರಿ ಬಡಿದುಕೊಂಡಿತು.
ಎತ್ತಿದ್ದು ಜಿನೈದಾ ಅಲ್ಲ.
ಯೋರುನ್ ವಯಸ್ಸಿನ ಹುಡುಗ,
ತನ್ನ ಹೆಸರು ಹೇಳಲು ತಡವರಿಸಿದ.
ಜಿನೈದಾ ಎಲ್ಲಿ ಎಂದು ಕೇಳುವಂತಿಲ್ಲ.
ದೂರದಲ್ಲೆಲ್ಲೋ ಧಡ್ ಎಂದಿತು,
ನನ್ನ ಕಿಟಕಿಯದೋ ಅವನ ಕಿಟಕಿಯದೋ.
ಇಬ್ಬರೂ ಉಸಿರು ಹಿಡಿದೆವು.

ದಾಖಲೆ ಪುಸ್ತಕದಲ್ಲಿ ಬರೆದೆ:
ಎಂಟು ಗಂಟೆ ಎರಡು ನಿಮಿಷ.
ಕೇಳಿಸುತ್ತಿದೆ.